ಚೀಟಿ ಡಬ್ಬಿಯ ಮೂರನೆಯ ತಿಂಗಳು: ‘ಟು’ ಎಲ್ಲಿ ಬೇಕು, ಎಲ್ಲಿ ಬೇಡ

ಇಂಗ್ಲಿಷಿನ ಇನ್ಫಿನಿಟಿವ್, ಅಂದರೆ ‘ಟು ಡೂ’ ಅಥವಾ ಬರಿಯ ‘ಡೂ’ ಎಂಬಂಥ ಕ್ರಿಯಾಪದದ ಮೂಲರೂಪದ ಬಳಕೆಯನ್ನು ಕಲಿಯಲೆಂದು ಆರಂಭಿಸಿದ ಚೀಟಿ ಡಬ್ಬಿಯಲ್ಲಿ ಈಗ 140 ಕ್ರಿಯಾಪದಗಳಿವೆ. ಕಳೆದ ತಿಂಗಳವರೆಗೆ ಅವು ಅಕ್ಷರಾನುಕ್ರಮದಲ್ಲಿದ್ದವು. ಹುಡುಕುವುದಕ್ಕೆ ಅನುಕೂಲವಾಯಿತೇ ಹೊರತು ನೆನಪಿನಲ್ಲಿ ಏನೂ ಉಳಿಯಲಿಲ್ಲ. ಈ ತಿಂಗಳು ಎಲ್ಲವನ್ನೂ ಮೇಜಿನ ಮೇಲೆ ಸುರಿದು, ಕನ್ನಡದ ರೂಪಗಳನ್ನೇ ಆಧಾರವಾಗಿಟ್ಟುಕೊಂಡು ಮತ್ತೆ ವಿಂಗಡಿಸಿದೆ.

ಮೊದಲ ಖಾನೆ ಒಂದೇ ಸಂಜೆಯಲ್ಲಿ ತುಂಬಿತು. ‘ಮಾಡಬೇಕು’, ‘ಮಾಡಬಹುದು’, ‘ಮಾಡಬಾರದು’ ಎಂಬಲ್ಲಿ ‘ಲು’ ಪ್ರತ್ಯಯವಿಲ್ಲದೆ ಬರಿಯ ‘ಮಾಡ’ ನಿಲ್ಲುವಂತೆಯೇ, ‘ಮಸ್ಟ್’, ‘ಮೇ’, ‘ಶುಡ್ ನಾಟ್’ಗಳ ಮುಂದೆ ‘ಟು’ ಇಲ್ಲದ ‘ಡೂ’ ನಿಲ್ಲುತ್ತದೆ. ‘ಟು’ ಬರುವ ಖಾನೆಗೂ ನಮ್ಮಲ್ಲಿ ಜೋಡಿಯಿದೆ. ಹಳೆಯ ಇಂಗ್ಲಿಷಿನಲ್ಲಿ ‘ಡ್ರಿಂಕನ್’ ಎಂಬ ರೂಪ ‘ಟು’ವಿನೊಡನೆ ಸೇರುವಾಗ ಚತುರ್ಥಿಯ ಅಂತ್ಯವನ್ನು ಪಡೆದು ‘ಡ್ರಿಂಕೆನ್ನೆ’ ಆಗುತ್ತಿತ್ತು. ನಮ್ಮ ‘ಕುಡಿಯಲಿಕ್ಕೆ’ಯ ಕೊನೆಯಲ್ಲಿರುವುದೂ ಅದೇ ಚತುರ್ಥಿಯ ‘ಕ್ಕೆ’.

ಹೆಚ್ಚು ದಿನ ಹಿಡಿದದ್ದು ‘ಫರ್ಗೆಟ್’, ‘ರಿಮೆಂಬರ್’, ‘ಸ್ಟಾಪ್’ ಎಂಬ ಮೂರು ಚೀಟಿಗಳು. ಇವುಗಳ ಮುಂದೆ ‘ಟು’ ರೂಪವೂ ಬರುತ್ತದೆ, ‘ಇಂಗ್’ ರೂಪವೂ ಬರುತ್ತದೆ, ಅರ್ಥ ಮಾತ್ರ ಬದಲಾಗುತ್ತದೆ. ನಿಯಮವನ್ನು ಎಷ್ಟು ಬಾರಿ ಓದಿದರೂ ತಲೆಗೆ ಹತ್ತದಿದ್ದದ್ದು, ವಾಕ್ಯಗಳನ್ನು ಕನ್ನಡದಲ್ಲಿ ಬರೆದ ಕೂಡಲೇ ತಿಳಿಯಾಯಿತು. ‘ಬಾಗಿಲು ಹಾಕಲು ಮರೆತೆ’ ಎಂದರೆ ಬಾಗಿಲು ತೆರೆದೇ ಇದೆ, ಅಲ್ಲಿ ‘ಟು’. ‘ಬಾಗಿಲು ಹಾಕಿದ್ದನ್ನು ಮರೆತೆ’ ಎಂದರೆ ಬಾಗಿಲು ಹಾಕಿಯಾಗಿದೆ, ಅಲ್ಲಿ ‘ಇಂಗ್’. ‘ಸ್ಟಾಪ್’ ವಿಷಯದಲ್ಲಿ ಕನ್ನಡ ಧಾತುವನ್ನೇ ಬೇರ್ಪಡಿಸುತ್ತದೆ: ಚಹಾ ಕುಡಿಯಲು ‘ನಿಂತ’ವನಿಗೆ ‘ಟು’, ಚಹಾ ಕುಡಿಯುವುದನ್ನು ‘ನಿಲ್ಲಿಸಿದ’ವನಿಗೆ ‘ಇಂಗ್’. ಈ ಭೇದವನ್ನು ದಿನವೂ ತಪ್ಪಿಲ್ಲದೆ ಮಾಡುತ್ತಲೇ ಅದನ್ನು ಹೊಸ ಪಾಠವೆಂದು ಉರು ಹೊಡೆಯುತ್ತಿದ್ದೆನಲ್ಲ ಎಂದು ನಗು ಬಂದಿತು.

ಕನ್ನಡ ಕೈಕೊಟ್ಟ ಕಡೆಯೂ ಇದೆ. ‘ಅವರು ನನ್ನನ್ನು ಕಾಯುವಂತೆ ಮಾಡಿದರು’ ಎನ್ನುವಲ್ಲಿ ‘ಮೇಕ್’ ಮುಂದೆ ‘ಟು’ ಬಾರದು. ಆದರೆ ಅದೇ ವಾಕ್ಯವನ್ನು ಕರ್ಮಣಿಗೆ ತಿರುಗಿಸಿದರೆ ‘ಐ ವಾಸ್ ಮೇಡ್ ಟು ವೇಟ್’ ಎಂದು ಬಿಟ್ಟುಹೋದ ‘ಟು’ ಮರಳಿ ಬರುತ್ತದೆ. ಇದಕ್ಕೆ ಕನ್ನಡದ ಸುಳಿವು ಸಿಗದ ಕಾರಣ ಎರಡೂ ವಾಕ್ಯಗಳನ್ನು ಒಂದೇ ಚೀಟಿಯ ಎರಡು ಬದಿಗಳಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೇನೆ. ‘ಟು’ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುವ ‘ಹೆಲ್ಪ್’ ಚೀಟಿಯು ಯಾವ ಖಾನೆಗೂ ಸೇರದೆ ಇನ್ನೂ ಮೇಜಿನ ಮೇಲೆಯೇ ಇದೆ.