ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ

ವಿಜಯಪುರ ಸೀಮೆಯ ದ್ರಾಕ್ಷಿ ಬೆಳೆಗಾರರ ಮಕ್ಕಳೇ ತುಂಬಿದ್ದ ಕ್ಲಾಸು ನಮ್ಮದು. 'ಜಿಎ' ಅಂದರೆ ಗೊಂಚಲು ಅದ್ದುವ ಔಷಧಿ ಎಂದು ಎಲ್ಲರಿಗೂ ಗೊತ್ತಿತ್ತು. ಅದು ಗಿಬ್ಬರೆಲಿಕ್ ಆಮ್ಲ, ಬಳ್ಳಿ ತಾನೇ ತಯಾರಿಸಿಕೊಳ್ಳುವ ಹಾರ್ಮೋನು ಎಂದು ತಿಳಿದದ್ದು ಪಿಯುಸಿಯಲ್ಲಿ, ಸಸ್ಯಶಾಸ್ತ್ರದ ಸರ್ ಹೇಳಿದಾಗ.

ಪುಸ್ತಕದಲ್ಲಿದ್ದದ್ದು ಜಪಾನಿನ ಭತ್ತದ ಕಥೆ. ಸಸಿಗಳು ಸಿಕ್ಕಾಪಟ್ಟೆ ಉದ್ದ ಬೆಳೆದು ಬಿದ್ದುಹೋಗುವ ರೋಗಕ್ಕೆ ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣವೆಂದು 1926ರಲ್ಲಿ ಅಲ್ಲಿನ ವಿಜ್ಞಾನಿ ಕುರೊಸಾವಾ ತೋರಿಸಿದ್ದರು. ಆ ವಸ್ತುವಿಗೇ ಆಮೇಲೆ ಗಿಬ್ಬರೆಲಿನ್ ಎಂಬ ಹೆಸರು ಬಂತು; ನಮ್ಮ ಜಿಎ ಅದರದೇ ಒಂದು ರೂಪ. ಅದನ್ನು ಬೇಗ ಮುಗಿಸಿ ಸರ್ ನಮ್ಮನ್ನು ಪಕ್ಕದ ತೋಟಕ್ಕೆ ಕರೆದೊಯ್ದರು. ಅಲ್ಲಿ ಒಂದು ಕುಡಿಬಳ್ಳಿ ಕಿತ್ತು ಕೈಗಿಟ್ಟರು. ಅದರ ಒಂದು ಕವಲು ತಂತಿ ಹಿಡಿಯಲು ಸುರುಳಿ ಸುತ್ತಿತ್ತು. ಇನ್ನೊಂದರ ತುದಿಯಲ್ಲಿ ಸಾಸಿವೆಯಷ್ಟು ದಪ್ಪದ ಮೂರ್ನಾಲ್ಕು ಕಾಯಿ!

ಕುಡಿಬಳ್ಳಿ, ಗೊಂಚಲು ಎರಡೂ ಹುಟ್ಟುವುದು ಒಂದೇ ಬಗೆಯ ಮೊಳಕೆಯಿಂದ. ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವುದಕ್ಕೆ ನಮ್ಮ ಕಡೆ ಚಾಟ್ನಿ ಅನ್ನುತ್ತಾರೆ) ನಂತರ ಹೊಸ ಕಡ್ಡಿಯ ಕಣ್ಣುಗಳೊಳಗೆ, ಅಂದರೆ ಮೊಗ್ಗುಗಳೊಳಗೆ, ಅದರ ಹಣೆಬರಹ ತೀರ್ಮಾನವಾಗುತ್ತದೆ. ಗಿಬ್ಬರೆಲಿನ್ ಜೋರಾದರೆ ಕುಡಿಬಳ್ಳಿ, ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ಮೇಲುಗೈಯಾದರೆ ಗೊಂಚಲು. ಬೇಸಿಗೆಯಲ್ಲಿ ಅಪ್ಪ ಸಿಂಪಡಿಸುತ್ತಿದ್ದ ಸಿಸಿಸಿ (ಕ್ಲೋರ್ಮೆಕ್ವಾಟ್ ಕ್ಲೋರೈಡ್) ಎಂಬ ಬೆಳವಣಿಗೆ ತಗ್ಗಿಸುವ ಔಷಧಿಯ ಕೆಲಸ ಗಿಬ್ಬರೆಲಿನ್ ತಯಾರಾಗದಂತೆ ತಡೆಯುವುದು. ಅಕ್ಟೋಬರ್ ಚಾಟ್ನಿ ಆಗಿ ಕಾಯಿ ಮೂರ್ನಾಲ್ಕು ಮಿಲಿಮೀಟರ್ ಆಯಿತೆಂದರೆ ಅದೇ ಅಪ್ಪ ಅದೇ ಬಳ್ಳಿಗೆ ಗಿಬ್ಬರೆಲಿನ್ ಕೊಡುತ್ತಿದ್ದರು. ಪುಡಿಯನ್ನು ಮೊದಲು ಸ್ಪಿರಿಟ್‌ನಲ್ಲಿ ಕರಗಿಸಿ, ಆಮೇಲೆ ನೀರಿಗೆ ಬೆರೆಸಿ, ಮಗ್ಗಿನಲ್ಲಿ ಒಂದೊಂದೇ ಗೊಂಚಲು ಅದ್ದುವುದು. ಸಾಧಾರಣವಾಗಿ ಕಾಯಿ ದಪ್ಪವಾಗಲು ಬೇಕಾದ ಗಿಬ್ಬರೆಲಿನ್ ಬೀಜದಿಂದ ಬರುತ್ತದೆ. ನಾವು ಬೆಳೆಯುವ ಥಾಮ್ಸನ್ ಎಂಬ ಬೀಜರಹಿತ ತಳಿಯಲ್ಲಿ ಬೀಜ ಎಳೆಯದರಲ್ಲೇ ಮುರುಟಿಹೋಗುವುದರಿಂದ ಆ ಕೊರತೆ ನಾವು ತುಂಬಬೇಕು.

ಐದು ಹಾರ್ಮೋನುಗಳನ್ನು ಐದು ಖಾನೆಗಳಲ್ಲಿ ಬರೆಸುವ ಪಠ್ಯಪುಸ್ತಕದ ಮೇಲೆ ನನಗೆ ಅಂದಿನಿಂದಲೂ ಸ್ವಲ್ಪ ಸಿಟ್ಟಿದೆ. ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು 1957ರಲ್ಲೇ ತಂಬಾಕಿನ ಅಂಗಾಂಶದಲ್ಲಿ ತೋರಿಸಿದ್ದರು: ಆಕ್ಸಿನ್ ಎಂಬ ಹಾರ್ಮೋನಿನ ಪ್ರಮಾಣ ಮೇಲಾದರೆ ಬೇರು, ಸೈಟೋಕೈನಿನ್ ಮೇಲಾದರೆ ಚಿಗುರು. ಯಾವುದೂ ಒಂಟಿಯಾಗಿ ಏನನ್ನೂ ನಿರ್ಧರಿಸುವುದಿಲ್ಲ.

2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಸಿಸಿಸಿ ಉಳಿಕೆ ಸಿಕ್ಕಿ ದೊಡ್ಡ ರಾದ್ಧಾಂತವಾಯಿತಲ್ಲ, ಆಮೇಲೆ ನಾನು ಅದನ್ನು ಬಿಟ್ಟೆ. ಬೇಸಿಗೆಯಲ್ಲಿ ನೀರು ಹಿಡಿದು ಕೊಟ್ಟು ಬಳ್ಳಿಯ ಓಟ ತಡೆಯುತ್ತೇನೆ. ಅಕ್ಟೋಬರ್ ಚಾಟ್ನಿಗೆ ಮೊದಲು ಕಡ್ಡಿಯ ಕಣ್ಣು ಸೀಳಿ ಸೂಕ್ಷ್ಮದರ್ಶಕದಲ್ಲಿ ಗೊಂಚಲು ಎಲ್ಲಿ ಕೂತಿದೆ ಎಂದು ನೋಡಿಸುವುದು ನಮ್ಮಲ್ಲಿ ರೂಢಿ. ಕಾಲೇಜಿನ ಹುಡುಗ ಹುಡುಗಿಯರು ಸೆಪ್ಟೆಂಬರ್‌ನಲ್ಲಿ ಬಂದರೆ ಬೇಕಾದಷ್ಟು ಕಡ್ಡಿ ಕೊಡುತ್ತೇನೆ. ಸೂಕ್ಷ್ಮದರ್ಶಕ ಮಾತ್ರ ನೀವೇ ತರಬೇಕು.