ಅ ವೈಜನ್, ಮೂರನೇ ಸಲ: ಬೆಟ್ಟದ ಕಾಟ ಅಲ್ಲ, ಹೊಳೆ ಕಾಟ

ಆಯ್ತು, ಸ್ಕಾಟ್ಲೆಂಡಿನ ಅ ವೈಜನ್ ಬೆಟ್ಟ ಹತ್ತಿದೆ. ಮೊನ್ನೆ ಶನಿವಾರ ಬೆಳಿಗ್ಗೆ ಹತ್ತೂವರೆಗೆ 967 ಮೀಟರ್ ಮೇಲೆ ಕೂತು ಒಗ್ಗರಣೆ ಅವಲಕ್ಕಿ ತಿಂದೆ. ಹೋದ ಅಕ್ಟೋಬರ್‌ನಲ್ಲಿ ಒಂದ್ಸಲ, ಈ ಏಪ್ರಿಲ್‌ನಲ್ಲಿ ಇನ್ನೊಂದ್ಸಲ ಬಾಲ ಮುದುರ್ಕೊಂಡು ಇನ್ವರ್ನೆಸ್‌ಗೆ ವಾಪಸ್ ಬಂದಿದ್ದೆನಲ್ಲ, ಅದೇ ಬೆಟ್ಟ. ಬರೆಯೋವಾಗ ಎಂ ಅಕ್ಷರ ಇರುತ್ತೆ, ಗೇಲಿಕ್‌ನಲ್ಲಿ ಓದೋವಾಗ ವ ಆಗುತ್ತೆ, ಅರ್ಥ ಕನ್ಯೆ ಅಂತ. 282 ಮನ್ರೋಗಳ (3000 ಅಡಿ, ಅಂದ್ರೆ 914.4 ಮೀಟರ್ ದಾಟಿದ ಸ್ಕಾಟ್ಲೆಂಡ್ ಬೆಟ್ಟಗಳು) ಪೈಕಿ ರಸ್ತೆಯಿಂದ ತೀರಾ ದೂರ ಇರೋದು ಇದೇ ಅಂತ ಇಲ್ಲಿಯವರು ಹೇಳ್ತಾರೆ.

ಡಂಡೊನಲ್ ಹತ್ರ ಕಾರ್ ಬಿಟ್ಟಿದ್ದು, ಶೆನವಾಲ್ ಬಾತಿವರೆಗೆ (ಬಾತಿ ಅಂದ್ರೆ ಬೆಟ್ಟ ಹತ್ತೋರು ರಾತ್ರಿ ತಂಗೋ ಸಣ್ಣ ಮನೆ) ನಡೆದಿದ್ದು, ಅದೆಲ್ಲ ಮಾಮೂಲಿ, ಬಿಡಿ. ವಿಷಯ ಇರೋದು ಬಾತಿ ಬಾಗಿಲಿಂದ ಮುಂದೆ. ಬೆಟ್ಟಕ್ಕೂ ನಮಗೂ ಮಧ್ಯ ಎರಡು ಹೊಳೆ, ಒಂದರ ಹೆಸರಿಗೆ ಬೇಟೆ ಕಣಿವೆ ಅಂತ ಅರ್ಥ, ಇನ್ನೊಂದರದ್ದು ಹಂದಿ ಕಣಿವೆ, ನಡುವೆ ಮೊಣಕಾಲವರೆಗೆ ಹೂತುಹೋಗೋ ಜೌಗು. ಸೇತುವೆ ಬಿಡಿ, ನಮ್ಮೂರಿನ ಥರ ಎರಡು ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕನೂ ಇಲ್ಲ.

ನಾನು ತೀರ್ಥಹಳ್ಳಿ ಕಡೆಯವನು, ಹೊಳೆ ನನಗೇನು ಹೊಸದಾ ಅಂತ ಮೊದಲ ಸಲ ಧಿಮಾಕಲ್ಲೇ ಇಳಿದಿದ್ದೆ, ನಾಲ್ಕನೇ ಹೆಜ್ಜೆಗೆ ನೀರು ಸೊಂಟಕ್ಕೆ ಬಂತು, ವಾಪಸ್. ಏಪ್ರಿಲ್ ಕಥೆ ಇನ್ನೂ ಘೋರ. ಮೊದಲ ಹೊಳೆ ಸಲೀಸಾಗಿ ದಾಟಿದೆ, ಎರಡನೇದು ಆಗ್ಲಿಲ್ಲ, ಸರಿ ಅಂತ ತಿರುಗಿ ಬಂದು ನೋಡಿದ್ರೆ ಅರ್ಧ ಗಂಟೆಲಿ ಮೊದಲನೇದೂ ಏರಿಬಿಟ್ಟಿದೆ! ಎರಡು ಹೊಳೆ ಮಧ್ಯದ ಜೌಗಲ್ಲಿ ಮಳೆ ನೆನ್ಕೊಂಡು ಐದು ಗಂಟೆ ಕೂತಿದ್ದೆ. ಬಾತಿ ಚಿಮಣಿಯಿಂದ ಹೊಗೆ ಬರೋದು ಕಾಣ್ತಿತ್ತು, ಅದೇ ಹೊಟ್ಟೆ ಉರಿ.

ನನ್ನ ತಪ್ಪೆಲ್ಲಿ ಅಂದ್ರೆ ನಾನು ನೀರಿನ ಬಣ್ಣ ನೋಡ್ತಿದ್ದೆ. ಮಲೆನಾಡಲ್ಲಿ ಹೊಳೆ ಕೆಂಪಾಯ್ತು ಅಂದ್ರೆ ಮೇಲೆ ಮಳೆ ಹೊಡೆದಿದೆ, ಇಳೀಬೇಡ ಅಂತ ಮಕ್ಕಳಿಗೂ ಗೊತ್ತು. ಇಲ್ಲಿ ಪೀಟ್ ಮಣ್ಣಿಂದ (ಜೌಗಲ್ಲಿ ಗಿಡ ಅರ್ಧ ಕೊಳೆತು ಆದ ಕಪ್ಪು ಮಣ್ಣು) ಇಳಿದು ಬರೋ ನೀರು ಮಳೆ ಇರ್ಲಿ ಬಿಡ್ಲಿ ಕಾಫಿ ಡಿಕಾಕ್ಷನ್ ಬಣ್ಣವೇ, ತಳ ಕಾಣಲ್ಲ, ಒಂದಡಿನೂ ಹಾಗೇ ಕಾಣುತ್ತೆ, ನಾಲ್ಕಡಿನೂ ಹಾಗೇ. ಹುಟ್ಟಿದಾಗಿಂದ ಕಲ್ತ ವಿದ್ಯೆ ಈ ಹೊಳೆ ಹತ್ರ ಮೂರು ಕಾಸಿಗೂ ಬರ್ಲಿಲ್ಲ.

ಅಮ್ಮನ ಹತ್ರ ಫೋನಲ್ಲಿ ಗೋಳಾಡ್ತಿದ್ದಾಗ "ನಿಮ್ಮಜ್ಜ ದಬ್ಬೆ ನೆಡ್ತಿರ್ಲಿಲ್ವನಾ, ಮರೆತ್ಯಾ?" ಅಂದ್ರು. ಹೌದಲ್ಲ! ಅಜ್ಜ ರಾತ್ರಿ ಊಟ ಆದ್ಮೇಲೆ ಹೊಳೆ ಅಂಚಿಗೆ ಒಂದು ಅಡಿಕೆ ದಬ್ಬೆ ಚುಚ್ಚಿ ಬರೋರು, ಬೆಳಿಗ್ಗೆ ಎದ್ದು ನೀರು ಅದಕ್ಕಿಂತ ಮೇಲಿದ್ಯಾ ಕೆಳಗಿದ್ಯಾ ನೋಡೋರು. ನೀರು ಎಷ್ಟಿದೆ ಅನ್ನೋದಲ್ಲ, ಯಾವ ಕಡೆ ಹೋಗ್ತಿದೆ ಅನ್ನೋದು ಮುಖ್ಯ. ಈ ಹೈಲ್ಯಾಂಡ್ಸ್ ಹೊಳೆಗಳು ಗಿಡ್ಡ, ಕಡಿದಾದ ಬೆಟ್ಟದಿಂದ ನೇರ ಇಳಿಯೋವು, ಏರೋದೂ ಬೇಗ, ಮಳೆ ನಿಂತ್ರೆ ಇಳಿಯೋದೂ ಬೇಗ. ಅಂದ್ರೆ ದಾಟೋ ಜಾಗ ಹುಡುಕೋದಕ್ಕಿಂತ ದಾಟೋ ಹೊತ್ತು ಹುಡುಕ್ಬೇಕು.

ದಬ್ಬೆಗೆ ಇಲ್ಲಿ ಅಡಿಕೆ ಎಲ್ಲಿ ತರ್ಲಿ, ಟೆಂಟಿನ ಗೂಟ ಚುಚ್ಚಿದೆ, ಜೊತೆಗೆ ಗುರುತಿಗೆ ಮೂರು ಕಲ್ಲು. ಶುಕ್ರವಾರ ರಾತ್ರಿ ಒಂಬತ್ತಕ್ಕೆ (ಮೇ ಕೊನೆ, ಇನ್ನೂ ಬೆಳಕು) ನೀರು ಗೂಟ ಮುಟ್ತಿತ್ತು, ಹನ್ನೊಂದಕ್ಕೆ ನಾಲ್ಕು ಬೆರಳು ಕೆಳಗೆ, ಬೆಳಿಗ್ಗೆ ಐದಕ್ಕೆ ಒಂದು ಗೇಣು ಕೆಳಗೆ. ದಾರಿ ಹೋಗಿ ಮುಟ್ಟೋ ಜಾಗ ಬಿಟ್ಟು ಸ್ವಲ್ಪ ಮೇಲಕ್ಕೆ, ಜಲ್ಲಿ ದಿಬ್ಬದ ಹತ್ರ ನೀರು ಎರಡು ಕವಲಾಗಿ ಹರಡ್ಕೊಳ್ಳೋ ಕಡೆ ಇಳಿದೆ. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿ, ಮುಖ ಹರಿವಿಗೆ ಎದುರು ಮಾಡಿ, ಏಡಿ ನಡಿಗೆ. ಮೊಣಕಾಲು. ಅಷ್ಟೇ! ಹಂದಿ ಹೊಳೆ ತೊಡೆವರೆಗೆ ಬಂತು, ಚಳಿಗೆ ಕೆಟ್ಟ ಮಾತು ಬಂತು, ಆದ್ರೂ ದಾಟಿತು.

ಶೂ ಬಗ್ಗೆ ಒಂದು ಮಾತು. ವಾಟರ್‌ಪ್ರೂಫ್ ಬೂಟು ಅಂದ್ರೆ ಒಳಗೆ ಬಂದ ನೀರನ್ನ ಹೊರಗೆ ಬಿಡ್ದೆ ಇರೋ ಬಕೆಟ್ಟು, ಈ ಸಲ ಜಾಲರಿ ಶೂನಲ್ಲೇ ದಾಟಿದೆ, ಹತ್ತು ನಿಮಿಷ ನಡೆದ್ರೆ ನೀರೆಲ್ಲ ಹೊರಗೆ. ಜೊತೆಗೆ ನಿಯೋಪ್ರೀನ್ ಸಾಕ್ಸ್ ಆರ್ಡರ್ ಮಾಡಿದ್ದೆ. "ಬ್ರಿಟನ್ ಮೇನ್‌ಲ್ಯಾಂಡ್ ಡೆಲಿವರಿ ಫ್ರೀ" ಅಂತ ದಪ್ಪ ಅಕ್ಷರದಲ್ಲಿ ಹಾಕ್ಕೊಂಡಿದ್ದ ಅಂಗಡಿ, ಪಿನ್‌ಕೋಡ್ ಹಾಕಿದ್ರೆ ಹೈಲ್ಯಾಂಡ್ಸ್ ಅಂತ ಹೆಚ್ಚುವರಿ ಚಾರ್ಜು. ಅಲ್ಲಯ್ಯಾ, ಇನ್ವರ್ನೆಸ್ ಏನು ದ್ವೀಪನಾ? ಸಾಕ್ಸ್ ಬಂದಿದ್ದು ಸೋಮವಾರ, ನಾನು ಬೆಟ್ಟ ಇಳಿದು ಎರಡು ದಿನ ಆದ್ಮೇಲೆ, ಅದೂ ಹೆಂಡತಿ ಸೈಜು. ಅವಳಿಗೆ ಖುಷಿ.

ಬೆಟ್ಟದ್ದು ಹೇಳ್ಲೇ ಇಲ್ಲ. ತುದಿಗೆ ಮುಂಚಿನ ಕಣಿವೆ ಬಾಯಲ್ಲಿ ಒಂದು ಕಡೆ ಪಕ್ಕದ ಬೆಟ್ಟ ರುವಾ ಸ್ಟಾಕ್ ಮೋರ್‌ನ ಕೆಂಪು ಮರಳುಗಲ್ಲು, ಇನ್ನೊಂದು ಕಡೆ ಬೂದು ಬಣ್ಣದ ಲೂಯಿಸಿಯನ್ ನೈಸ್ ಅನ್ನೋ ಕಲ್ಲು, ಗೆರೆ ಎಳೆದ ಹಾಗೆ. ಈ ನೈಸ್‌ನಲ್ಲಿ ಹಳೇದು 300 ಕೋಟಿ ವರ್ಷದ್ದು, ನಮ್ಮ ಲಾಲ್‌ಬಾಗ್ ಬಂಡೆ ಓರಗೆಯದು, ನೋಡೋಕೂ ಅದೇ ಪಟ್ಟೆ ಪಟ್ಟೆ. ಕಡಲೆಕಾಯಿ ಮಾರೋನೊಬ್ಬ ಕಮ್ಮಿ ಅಷ್ಟೇ. ಪಶ್ಚಿಮಕ್ಕೆ ಕಾಲ ಕೆಳಗೇ ಪ್ರಪಾತ, ಅದರಾಚೆ ಫಿಯೋನ್ ಸರೋವರ, ಅದರಾಚೆ ಸಮುದ್ರ. ಸುಮಾರು ಹೊತ್ತು ಬಾಯಿ ಮುಚ್ಚಿ ಕೂತಿದ್ದೆ, ನನ್ನ ಮಟ್ಟಿಗೆ ಅದು ದಾಖಲೆ.

ಪಕ್ಕದ ಕತ್ತಿ ಬೆಟ್ಟಕ್ಕೆ ಮನ್ರೋ ಪಟ್ಟ ಇತ್ತು, 2012ರಲ್ಲಿ ಅಳೆದು 913.96 ಮೀಟರ್ ಅಂದ್ರು, ಬೇಕಾದ್ದು 914.4, ಪಟ್ಟಿಯಿಂದ ಹೊರಗೆ. ಪಾಸಿಗೆ 35 ಬೇಕಿದ್ದ ಕಾಲದಲ್ಲಿ ಎಸ್ಸೆಸ್ಸೆಲ್ಸಿಲಿ 34 ತಗೊಂಡ ಹಾಗೆ. ಪಾಪ ಅನ್ಸಿ ಒಂದಿನ ಅದನ್ನೂ ಹತ್ತೋಣ ಅಂತಿದ್ದೀನಿ. ಅದಕ್ಕೆ ಮೊದಲು ಪಶ್ಚಿಮ ಕರಾವಳಿಯ ನಾಯ್ಡಾರ್ಟ್: ಅಲ್ಲಿನ ಇನ್ವರಿ ಊರಿಗೆ ಹೊರಗಿನಿಂದ ರಸ್ತೆನೇ ಇಲ್ಲ, ಮಲೇಗ್‌ನಿಂದ ದೋಣಿಲಿ ಹೋಗ್ಬೇಕು ಇಲ್ಲಾ ಬೆಟ್ಟ ದಾಟಿ ನಡೀಬೇಕು. ಗಾಳಿ ತುಂಬೋ ಪ್ಯಾಕ್‌ರಾಫ್ಟ್ ದೋಣಿ ಒಂದು ತಗೊಂಡ್ರೆ ಹೊಳೆ ತಂಟೆನೇ ಇರಲ್ಲ ಅಂತ ಮನೇಲಿ ಮೆಲ್ಲಗೆ ಹೇಳಿ ನೋಡಿದೆ. "ಬೆಲೆ?" ಅಂದ್ಲು. ಹೇಳಿದೆ. ಮಾತು ಅಲ್ಲಿಗೇ ನಿಂತಿದೆ.

ವಾಪಸ್ ಬರೋವಾಗ ಸಂಜೆ ನಾಲ್ಕಕ್ಕೆ ಮೋಡ ಕಟ್ತಿತ್ತು, ಓಡ್ಕೊಂಡೇ ಬಂದೆ. ಎದೆ ಡವಡವ ಅಂತಿತ್ತು, ಆಚೆ ದಡದ ಗೂಟ ಒಣಗಿ ನಿಂತಿತ್ತು. ದಾಟಿ, ಕಿತ್ಕೊಂಡು ಬ್ಯಾಗಿಗೆ ಹಾಕ್ಕೊಂಡೆ. ಆ ರಾತ್ರಿ ಮಳೆ ಹೊಡೀತು, ಭಾನುವಾರ ಬೆಳಿಗ್ಗೆ ಹೊರಡೋ ಮುಂಚೆ ನೋಡಿದ್ರೆ ಮೂರು ಕಲ್ಲೂ ನೀರೊಳಗೆ.