ಹಾಲು ಹೆಚ್ಚಾಯಿತು, ಚಿಲ್ಲಿಂಗ್ ಸೆಂಟರ್ ಮುಚ್ಚಿತು

ಮೊನ್ನೆ ಊರಿಗೆ ಹೋದಾಗ ಹಾಲು ತಣ್ಣಗೆ ಮಾಡುತ್ತಿದ್ದ ಹಳೇ ಚಿಲ್ಲಿಂಗ್ ಸೆಂಟರ್ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಬೀಗ ಹಾಕಿದೆ. ಕ್ಯಾನ್ ಇಳಿಸುತ್ತಿದ್ದ ಕಟ್ಟೆ ತುಂಬಾ ಪಾರ್ಥೇನಿಯಂ. ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷ ಕೆಲಸ ಮಾಡಿದ ಜಾಗ ಅದು.

ಮಂಡ್ಯ ಸೀಮೆಯಲ್ಲಿ ಕಬ್ಬಿನ ದುಡ್ಡು ಯಾವಾಗ ಕೈಗೆ ಬರುತ್ತದೋ ಹೇಳೋಕಾಗಲ್ಲ. ಹಾಲಿನ ಬಟವಾಡೆಯಲ್ಲೇ ಎಷ್ಟೋ ಮನೆಗಳ ರೇಷನ್ನು, ಸ್ಕೂಲ್ ಫೀಜು ನಡೆದಿದೆ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಹೈನು ಅಭಿವೃದ್ಧಿ ನಿಗಮ 1984ರಲ್ಲಿ ಕೆಎಂಎಫ್ ಆಯಿತು. ಊರೂರಿಗೆ ಡೈರಿ ಬಂತು, ಮನೆ ಮನೆಗೆ ಸೀಮೆಹಸು ಬಂತು. ಆದರೆ ಕರೆದ ಹಾಲು ಬೆಚ್ಚಗಿರುತ್ತದೆ, ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ಅದಕ್ಕೇ ಈ ಸೆಂಟರ್. ಬೆಳಿಗ್ಗೆ ಲಾರಿಗಳು ಸಾಲಾಗಿ ಬರುತ್ತಿದ್ದವು, 40 ಲೀಟರಿನ ಕ್ಯಾನುಗಳ ಸದ್ದು ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತು, ಅಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸಿ ಟ್ಯಾಂಕರಿಗೆ ತುಂಬಿ ಗೆಜ್ಜಲಗೆರೆಯ ದೊಡ್ಡ ಡೈರಿಗೆ ಕಳಿಸುತ್ತಿದ್ದರು. ಚಿಕ್ಕಪ್ಪನದು ಮುಚ್ಚಳ ತೆಗೆದು ಮೂಸಿ ನೋಡುವ ಕೆಲಸ. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಅಳೆಯುವುದೆಲ್ಲ ಆಮೇಲೆ. "ಕೆಟ್ಟಿದ್ರೆ ಮೂಗಿಗೆ ಮೊದ್ಲು ಗೊತ್ತಾಗ್ಬುಡ್ತದೆ ಕಣಪ್ಪ" ಅನ್ನುತ್ತಿದ್ದರು. ಒಂದು ಕ್ಯಾನ್ ವಾಪಸ್ ಕಳಿಸಿದ ದಿನ ಅವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಅದು ಯಾರದೋ ಮನೆಯ ಹಿಂಡಿ ಬೂಸದ ದುಡ್ಡು ಅಲ್ವಾ.

ಹಾಲು ಕಡಿಮೆಯಾಗಿ ಸೆಂಟರ್ ಮುಚ್ಚಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹಳ್ಳಿಗಳಿಗೇ ಬಿಎಂಸಿ ಬಂತು, ಅಂದರೆ ಹಾಲು ತಣ್ಣಗಿಡುವ ದೊಡ್ಡ ಸ್ಟೀಲ್ ತೊಟ್ಟಿ. ಕರೆದ ಹಾಲು ಊರಲ್ಲೇ ತಣ್ಣಗಾಗುತ್ತದೆ, ಟ್ಯಾಂಕರ್ ಅಲ್ಲಿಗೇ ಬಂದು ನೇರ ದೊಡ್ಡ ಡೈರಿಗೆ ಒಯ್ಯುತ್ತದೆ. ಸಂಜೆ ಹಾಲು ಒಡೆಯುವುದು ತಪ್ಪಿತು, ರೈತರಿಗೆ ನಿಜವಾಗಿ ಒಳ್ಳೆಯದಾಯಿತು. ಕ್ಯಾನ್ ಲಾರಿಗಳು ಒಂದೊಂದಾಗಿ ನಿಂತವು. ಗುತ್ತಿಗೆಯಲ್ಲಿದ್ದ ಹಮಾಲರಿಗೆ ಕೆಲಸ ಹೋಯಿತು, ಅವರಿಗೆ ಬೇರೆ ದಾರಿ ತೋರಿಸುವುದಿರಲಿ, ಒಂದು ಮಾತು ಮೊದಲೇ ಹೇಳಲಿಲ್ಲ. ನನಗೆ ಈಗಲೂ ಬೇಜಾರಿರುವುದು ಅದೊಂದಕ್ಕೇ.

ಕಟ್ಟಡ ಮಾತ್ರ ಗಟ್ಟಿಯಾಗಿದೆ. ಬೋರ್‌ವೆಲ್ ಇದೆ, ಲಾರಿ ತಿರುಗುವಷ್ಟು ಜಾಗ ಇದೆ. ಪಶು ಆಹಾರದ ಗೋಡೌನ್ ಮಾಡಬಹುದು, ಹಸುಗಳಿಗೆ ಚಿಕಿತ್ಸೆ ಕೊಡುವ ಜಾಗ ಮಾಡಬಹುದು. ಸುಮ್ನೆ ಬೀಗ ಹಾಕಿಡುವುದು ಯಾಕೆ? ಹಾಲಿನ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿ ಅಂತ ಚಿಕ್ಕಪ್ಪನಿಗೆ ಹೇಳಿದೆ. "ನೀನೂ ಬಾ, ಇಬ್ರೂ ಕೇಳಾವ" ಅಂದರು. ಹೋಗುತ್ತೇನೆ.